ಸೋಮವಾರ ನೊಗ ಹೊರದ ಯಂತ್ರ

ದೆವ್ವ, ಶಕುನ, ಮಾಟ, ದೃಷ್ಟಿ ಇವುಗಳಲ್ಲಿ ಯಾವುದನ್ನೂ ನಾನು ನಂಬಿದವಳಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಚಕ್ರ ತಿರುಗಿದರೆ ಅದಕ್ಕೊಂದು ಕಾರಣವಿರುತ್ತದೆ, ತಿರುಗದಿದ್ದರೆ ಅದಕ್ಕೂ ಒಂದು ಕಾರಣವಿದ್ದೇ ಇರುತ್ತದೆ, ಹುಡುಕುವವರಿಗೆ ತಾಳ್ಮೆ ಬೇಕು ಅಷ್ಟೆ ಎಂದು ನಮಗೆ ಪಾಠ ಹೇಳಿದವರು ತಲೆಗೆ ತುಂಬಿದ್ದರು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಹಾಸ್ಟೆಲ್ಲಿನ ನನ್ನ ಮಂಚದ ಮೇಲಿನ ಗೋಡೆಗೆ ಬರೆದು ಅಂಟಿಸಿಕೊಂಡಿದ್ದೆ. ಊರಿನಲ್ಲಿ ಯಾರಾದರೂ ಹುಣಸೆಮರದ ಹತ್ತಿರ ಏನೋ ಕಂಡಿತು ಎಂದು ಶುರು ಮಾಡಿದರೆ, ಎಷ್ಟು ದೂರದಲ್ಲಿತ್ತು, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು ಎಂದೆಲ್ಲ ಅಡ್ಡಪ್ರಶ್ನೆ ಹಾಕಿ ಕಥೆಯನ್ನೇ ಕೆಡಿಸಿಬಿಡುವವಳು ಎಂದು ನನಗೆ ಹೆಸರಿತ್ತು. ಅಂಥ ನಾನು ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಸೇರಿಸಿ ಹೇಳುವುದಿಲ್ಲ. ಸ್ವಲ್ಪ ಜಂಬ ಮಾತ್ರ ಸೇರಿಕೊಂಡೀತು, ಅದನ್ನು ತಡೆಯುವುದು ನನ್ನಿಂದಾಗದ ಮಾತು.

ಆಗ ನಾನು ಹಾಸನದಲ್ಲಿ ಕೊನೆಯ ವರ್ಷ ಓದುತ್ತಿದ್ದೆ. ನಮ್ಮ ಮನೆ ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯ ಪಕ್ಕ. ವಾರವೆಲ್ಲ ಹಾಸ್ಟೆಲ್ಲು, ಶನಿವಾರ ಬಂತೆಂದರೆ ಬಸ್ಸು ಹತ್ತಿ ಊರು. ಅಪ್ಪ, ಅಮ್ಮ, ಅಪ್ಪನ ಅಣ್ಣನಾದ ದೊಡ್ಡಪ್ಪ, ದೊಡ್ಡಮ್ಮ ಎಲ್ಲರೂ ಒಂದೇ ಮನೆ. ಅಪ್ಪನಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ. ಬೇಸಾಯವೆಲ್ಲ ದೊಡ್ಡಪ್ಪನ ಪಾಲಿಗೆ. ಎತ್ತೆಂದರೆ ದೊಡ್ಡಪ್ಪನಿಗೆ ಪ್ರಾಣ. ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಬಂದವರು ಹುಡುಗಿಗಿಂತ ಮೊದಲು ಕೊಟ್ಟಿಗೆ ನೋಡಿದರು ಎಂದು ದೊಡ್ಡಮ್ಮ ಈಗಲೂ ಹಂಗಿಸುತ್ತಾರೆ. ದೊಡ್ಡಪ್ಪ ಅದನ್ನು ಅಲ್ಲಗಳೆಯುವುದಿಲ್ಲ. “ಎತ್ತು ಸಂದಾಗಿದ್ವು, ಅದ್ಕೇ ಒಪ್ಕೊಂಡೆ” ಎನ್ನುತ್ತಾರೆ.

ಇಂಥವರಿಗೆ ಮಂಡಿ ಕೈಕೊಟ್ಟಿತು. ಉಳುವ ಎತ್ತಿನ ಹಿಂದೆ ಹೊಲದ ಹೆಂಟೆಗಳ ಮೇಲೆ ನಡೆಯುವುದು ಇನ್ನು ಸಾಧ್ಯವಿಲ್ಲ ಎಂದಾಯಿತು. ಬೇರೆಯವರ ಕೈಗೆ ಎತ್ತು ಕೊಟ್ಟು ಹೊಡೆಸಲು ಅವರ ಮನಸ್ಸು ಒಪ್ಪಲಿಲ್ಲ. ಹಳ್ಳಿಕಾರ್ ಜೋಡಿಯನ್ನು ಚನ್ನರಾಯಪಟ್ಟಣದ ಕಡೆಯ ಒಬ್ಬ ರೈತರಿಗೆ ಕೊಟ್ಟು ಬಂದ ದಿನ ಅವರು ಊಟ ಮಾಡಲಿಲ್ಲ. ಉಳುವುದಕ್ಕೇನೋ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ. ಆದರೆ ರಾಗಿ ಪೈರು ಗೇಣುದ್ದವಾದ ಮೇಲೆ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಕಳೆ ತೆಗೆಯಬೇಕಲ್ಲ, ಆ ಕೆಲಸಕ್ಕೆ ಟ್ರ್ಯಾಕ್ಟರ್ ಇಳಿಸಿದರೆ ಪೈರೇ ಉಳಿಯುವುದಿಲ್ಲ. ಅದಕ್ಕೆ ಎತ್ತೇ ಬೇಕು. ಒಂದು ಭಾನುವಾರ ಊಟಕ್ಕೆ ಕೂತಾಗ ದೊಡ್ಡಪ್ಪ ತೀರ್ಮಾನ ಹೇಳಿಬಿಟ್ಟರು.

“ಇದೇ ಕಡೇ ರಾಗಿ. ಬರೋ ವರ್ಸ ಹೊಲುಕ್ಕೆ ನೀಲಗಿರಿ ಆಕ್ಸ್‌ಬುಡ್ತೀನಿ. ಕುಂಟೆ ಬ್ಯಾಡ, ಕಳೆ ಬ್ಯಾಡ. ನೆಟ್ಬುಟ್ಟು ಮನೀಕಂಡ್ರೆ ಆಯ್ತು.”

“ಮುದ್ದೆಗೇನು ಮಾಡೋದು?” ಎಂದು ದೊಡ್ಡಮ್ಮ ಕೇಳಿದರು.

“ಸೊಸೈಟಿ ಅಕ್ಕಿ ಐತಲ್ಲ, ಅನ್ನ ಉಣ್ಣಾನ” ಎಂದು ದೊಡ್ಡಪ್ಪ ತಟ್ಟೆಯಲ್ಲಿದ್ದ ಮುದ್ದೆಯನ್ನೇ ನೋಡುತ್ತ ಹೇಳಿದರು.

ನಾನು ಆಡಿ ಬೆಳೆದ ಹೊಲ ಅದು. ಆವೇಶದಲ್ಲಿ ಹೇಳಿಬಿಟ್ಟೆ: “ಈ ಸಲದ ಕುಂಟೆ ನಾನು ಹೊಡೆಸ್ತೀನಿ ದೊಡ್ಡಪ್ಪ. ಎತ್ತಿನ ಕೆಲಸ ಮಾಡೋ ಯಂತ್ರ ಮಾಡ್ತೀವಿ. ನಮಗೆ ಹೇಗಿದ್ರೂ ಪ್ರಾಜೆಕ್ಟ್ ಮಾಡ್ಲೇಬೇಕು. ಅದು ಕೆಲಸ ಮಾಡಿದ್ರೆ ನೀಲಗಿರಿ ಮಾತು ಎತ್ತಬಾರದು.”

ಅವರು ನನ್ನನ್ನು ನೋಡಿ ನಕ್ಕರು. “ಎತ್ತಿನಂಗೆ ಗೇದ್ರೆ ನೋಡಾನ” ಎಂದರು.

ಹೀಗೆ ನಮ್ಮ ಪ್ರಾಜೆಕ್ಟ್ ಹುಟ್ಟಿದ್ದು. ನಾವು ಮೂವರು. ಚೇತನ್ ಅರಕಲಗೂಡಿನವನು. ಅವನ ಅಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ, ಹಾಗಾಗಿ ತಾಮ್ರದ ತಂತಿಯ ನಡುವೆಯೇ ಬೆಳೆದವನು. ಪೂರ್ಣಿಮಾ ಚನ್ನರಾಯಪಟ್ಟಣದವಳು, ಮೆಕ್ಯಾನಿಕಲ್‌ನಲ್ಲಿ ಕೂತುಕೊಂಡು ಕಂಪ್ಯೂಟರ್ ವಿಭಾಗದವರಿಗಿಂತ ಚೆನ್ನಾಗಿ ಪ್ರೋಗ್ರಾಂ ಬರೆಯುತ್ತಿದ್ದಳು. ಅವಳಿಗೆ ತೆಂಗಿನ ಮರ ಹತ್ತುವ ರೋಬೋ ಮಾಡುವ ಆಸೆಯಿತ್ತು. ನಾನು ಜಗಳವಾಡಿ ರಾಗಿ ಹೊಲಕ್ಕೆ ಎಳೆದು ತಂದೆ. ಚೌಕಟ್ಟು, ಗೇರು, ಚಕ್ರ, ಕುಂಟೆಯ ಜೋಡಣೆ, ಒಟ್ಟಿನಲ್ಲಿ ಡಿಸೈನ್ ಪೂರ್ತಿ ನನ್ನದು. ಮೋಟಾರು, ಬ್ಯಾಟರಿ ಚೇತನ್‌ದು. ಸಾಲುಗಳನ್ನು ಗುರುತಿಸಿ ಯಂತ್ರಕ್ಕೆ ದಾರಿ ಹೇಳುವ ಕ್ಯಾಮೆರಾ ಪೂರ್ಣಿಮಾಳದು. ಹಾಸನದ ಗುಜರಿ ಅಂಗಡಿಗಳಲ್ಲಿ ನಾವು ಅಲೆದದ್ದು ಅಷ್ಟಿಷ್ಟಲ್ಲ. ಹಳೇ ಕಾರುಗಳ ವೈಪರ್ ಮೋಟಾರು, ಕೆಟ್ಟುಹೋದ ಸೈಕಲ್ಲುಗಳ ಚೈನು, ಯಾರದೋ ಮನೆಯ ಗೇಟಿನ ಚೌಕ ಪೈಪು. ವೆಲ್ಡಿಂಗ್ ನಾನೇ ಮಾಡುತ್ತಿದ್ದೆ. ನನ್ನ ವೆಲ್ಡಿಂಗ್ ಬಿಟ್ಟುಕೊಂಡದ್ದು ಇವತ್ತಿನವರೆಗೂ ಇಲ್ಲ. ಹೇಳಿದೆನಲ್ಲ, ಜಂಬ ಸೇರಿಕೊಳ್ಳುತ್ತದೆ ಎಂದು.

ಯಂತ್ರವೇನೋ ಓಡಿತು. ಆದರೆ ಕುಂಟೆಯ ಅಲಗು ಮಣ್ಣಿಗೆ ಇಳಿದ ಕೂಡಲೇ ಚೌಕಟ್ಟು ಗಡಗಡ ಅದುರಿ, ಕ್ಯಾಮೆರಾ ಕುಣಿದು, ಸಾಲು ತಪ್ಪಿ ಪೈರಿನ ಮೇಲೇ ಹೋಗುತ್ತಿತ್ತು. ರಬ್ಬರ್ ಹಾಕಿದೆವು, ಸ್ಪ್ರಿಂಗ್ ಹಾಕಿದೆವು, ಪೈಪಿನ ದಪ್ಪ ಹೆಚ್ಚಿಸಿದೆವು. ಯಾವುದಕ್ಕೂ ಬಗ್ಗಲಿಲ್ಲ. ಅದುರುವಿಕೆಯನ್ನು ನುಂಗಿಕೊಳ್ಳುವ ಒಂದು ಅಡ್ಡಪಟ್ಟಿ ಬೇಕಿತ್ತು. ಗಟ್ಟಿಯಾಗಿರಬೇಕು, ಆದರೆ ಕಬ್ಬಿಣವಾಗಿರಬಾರದು. ಒಂದು ದಿನ ಊರಿನಲ್ಲಿ ಕೊಟ್ಟಿಗೆಯ ಅಟ್ಟದ ಕಡೆ ನೋಡುತ್ತಿದ್ದೆ. ಅಲ್ಲಿ ಎಡೆಕುಂಟೆಯ ನೊಗ ಇತ್ತು. ಹೊನ್ನೆ ಮರದ್ದು, ಎಷ್ಟೋ ವರ್ಷ ಎತ್ತುಗಳ ಹೆಗಲಿಗೆ ಉಜ್ಜಿ ಉಜ್ಜಿ ನುಣುಪಾದದ್ದು.

ಅದರಿಂದ ಒಂದು ತುಂಡು ಕತ್ತರಿಸಿಕೊಳ್ಳಲೇ ಎಂದು ದೊಡ್ಡಪ್ಪನನ್ನು ಕೇಳಿದೆ. ಅಟ್ಟದ ಕಡೆ ತಲೆಯೆತ್ತಿ ನೋಡಿದರು. ಆಮೇಲೆ “ಕುಯ್ಯಬ್ಯಾಡ ಕಣಮ್ಮಿ. ಬೇಕಾದ್ರೆ ಇಡೀದ್ನೇ ಮಡಿಕ್ಕೊ” ಎಂದರು.

ಇಡೀ ನೊಗ ನಮ್ಮ ಯಂತ್ರಕ್ಕಿಂತ ಉದ್ದವಿತ್ತು. ಆದ್ದರಿಂದ ನೊಗದ ಅಳತೆಗೆ ಯಂತ್ರವನ್ನೇ ಅಗಲ ಮಾಡಿದೆ. ಮಾಡಿದ ಮೇಲೆ ನನಗೊಂದು ವಿಷಯ ಹೊಳೆಯಿತು. ಎಡೆಕುಂಟೆಯ ನೊಗವನ್ನು ಮಾಡುವುದೇ ಸಾಲುಗಳ ಲೆಕ್ಕದಲ್ಲಿ, ಎರಡು ಎತ್ತುಗಳು ಪೈರು ತುಳಿಯದೆ ಸಾಲಿನ ನಡುವೆ ನಡೆಯಬೇಕಲ್ಲ. ಎತ್ತುಗಳ ಕೊರಳು ಇರುತ್ತಿದ್ದ ಜಾಗಕ್ಕೆ ನೇರವಾಗಿ ಕೆಳಗೆ ನನ್ನ ಚಕ್ರಗಳನ್ನು ಕೂರಿಸಿದೆ. ಚಕ್ರಗಳು ಸಾಲುಗಳ ನಡುವೆ ಅಳೆದಿಟ್ಟಂತೆ ಬಂದು ಕೂತವು. ಅದುರಾಟ ನಿಂತಿತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಂಥ ಒಳ್ಳೆಯ ಡಿಸೈನ್ ಮತ್ತೊಂದು ಮಾಡಿಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲೆ. ನಮ್ಮ ಪ್ರಾಜೆಕ್ಟಿನ ಗೈಡ್ ಸರ್ ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

ಆ ವರ್ಷ ಇಂಜಿನಿಯರಿಂಗ್ ಕಾಲೇಜುಗಳಿಗೆಲ್ಲ ಸೇರಿದ ಒಂದು ಡಿಸೈನ್ ಸ್ಪರ್ಧೆ ಇತ್ತು. ನಮ್ಮ ಕಾಲೇಜಿನಿಂದ ನಮ್ಮ ಯಂತ್ರ ಹೋಯಿತು. ರಾಜ್ಯ ಮಟ್ಟಕ್ಕೆ ಆಯ್ಕೆ ಆಗಬೇಕಾದರೆ ತೀರ್ಪುಗಾರರು ಹೊಲಕ್ಕೇ ಬಂದು ಕೆಲಸ ನೋಡುತ್ತಾರೆ. ಅವರು ಬರುವ ದಿನ ಒಂದು ಸೋಮವಾರ ಎಂದು ಗೊತ್ತಾಯಿತು. ಶ್ರಾವಣ ಮಾಸ, ರಾಗಿ ಪೈರು ಕುಂಟೆಗೆ ಹದವಾಗಿತ್ತು. ನಾವು ಶನಿವಾರವೇ ಯಂತ್ರವನ್ನು ಲಗೇಜ್ ಆಟೋದಲ್ಲಿ ಊರಿಗೆ ತಂದೆವು.

ಶನಿವಾರ ಸಂಜೆ ಓಡಿಸಿದೆವು, ಭಾನುವಾರ ಪೂರ್ತಿ ಓಡಿಸಿದೆವು. ಹೊಲದ ಮೇಲುಭಾಗದ ಅರ್ಧ ಮುಗಿಸಿತು. ಸಾಲು ಹಿಡಿದರೆ ಬಿಡುತ್ತಿರಲಿಲ್ಲ. ಸಾಲಿನ ಕೊನೆ ಬಂದಾಗ ಕುಂಟೆಯನ್ನು ತಾನೇ ಎತ್ತಿಕೊಂಡು, ತಿರುಗಿ, ಮುಂದಿನ ಸಾಲಿಗೆ ನಿಂತು, ಕುಂಟೆ ಇಳಿಸಿ ಹೊರಡುತ್ತಿತ್ತು. ಅಕ್ಕಪಕ್ಕದ ಹೊಲದವರೆಲ್ಲ ಬಂದು ಬದುವಿನ ಮೇಲೆ ಸಾಲಾಗಿ ನಿಂತರು. ಅಮ್ಮ ನನಗೆ ದೃಷ್ಟಿ ತೆಗೆಯಬೇಕೆಂದು ಓಡಾಡುತ್ತಿದ್ದಳು. ದೊಡ್ಡಪ್ಪ ಮಾತ್ರ ಬದುವಿನ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ ಸುಮ್ಮನೆ ನೋಡುತ್ತಿದ್ದರು. ಕೊನೆಗೆ ನಾನೇ ಹೋಗಿ ಕೇಳಿದೆ, “ಹೇಗಿದೆ ದೊಡ್ಡಪ್ಪ?”

“ಸಂದಾಗಿ ಮಾಡ್ತದೆ. ಮಿಕ್ಸೀನೂ ಸಂದಾಗಿ ರುಬ್ತದೆ. ಅಂಗಂತ ಒಳಕಲ್ಲಿಗೆ ಪೂಜೆ ಮಾಡ್ದಂಗೆ ಮಿಕ್ಸಿಗೆ ಮಾಡ್ತೀವಾ?”

“ಕಳೆ ಹೋಯ್ತಲ್ಲ, ಇನ್ನೇನು ಬೇಕು ನಿಂಗೆ?”

“ಎತ್ತಿಗೆ ಮನಸೈತೆ ಕಣಮ್ಮಿ. ಬ್ಯಾಡ ಅಂದ್ರೆ ಬ್ಯಾಡ ಅಂತದೆ. ನಿಂದು ಸುಚ್ಚು ಒತ್ತಿದ್ರೆ ಓಡ್ತದೆ. ಆಟದ ಸಾಮಾನು.”

ನನಗೆ ಅಳು ಬರುವುದೊಂದು ಬಾಕಿ. ತೀರ್ಪುಗಾರರು ಕೊಡುವ ಅಂಕಕ್ಕಿಂತ ಈ ಒಬ್ಬ ಮನುಷ್ಯನ ಬಾಯಿಂದ ಒಂದು ಮಾತು ಹೊರಡಿಸುವುದು ನನಗೆ ದೊಡ್ಡದಾಗಿತ್ತು. ನೀಲಗಿರಿ ಸಸಿಗೆ ಅವರು ಆಗಲೇ ನರ್ಸರಿಯಲ್ಲಿ ಹೇಳಿಟ್ಟಿದ್ದರು.

ಹೊಲದಿಂದ ಮನೆಗೆ ನಡೆಯುವಾಗ ಅವರೇ ಕೇಳಿದರು, “ನಾಳೀಕೆ ಬತ್ತಾರಾ ನಿಮ್ಮೋರು? ನಾಳೆ ಸೋಮಾರ ಅಲ್ವಾ?”

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಸೋಮವಾರ ಬಸವನ ದಿನ. ಎಂಥ ಅವಸರವಿದ್ದರೂ, ಮಳೆ ಬಂದು ಹದ ಆರಿಹೋಗುತ್ತಿದ್ದರೂ ಆ ದಿನ ಎತ್ತಿಗೆ ರಜಾ. ಮೈ ತೊಳೆದು, ಹಣೆಗೆ ಕುಂಕುಮ ಇಟ್ಟು, ಮೇವು ಹಾಕಿ ಬಿಡುತ್ತಾರೆ. ದೊಡ್ಡಪ್ಪ ತಮ್ಮ ಬದುಕಿನಲ್ಲಿ ಒಂದು ಸಲವೂ ಅದನ್ನು ಮುರಿದವರಲ್ಲ.

“ಯಂತ್ರಕ್ಕೆಂಥ ಸೋಮವಾರ ದೊಡ್ಡಪ್ಪ? ಟ್ರ್ಯಾಕ್ಟರ್ ಓಡಲ್ವಾ?” ಎಂದೆ.

“ಟ್ಯಾಕ್ಟರ್‌ಗೆ ನೊಗ ಇಲ್ಲ. ಇದ್ಕೆ ಮಡಗಿದ್ದೀಯಲ್ಲ” ಎಂದರು. ಗದರಿಸಿ ಹೇಳಿದ್ದಲ್ಲ, ಬೇಡ ಎಂದೂ ಹೇಳಲಿಲ್ಲ. ಮಳೆ ಬರುವ ಹಾಗಿದೆ ಎನ್ನುವಷ್ಟೇ ಸಾದಾ ದನಿಯಲ್ಲಿ ಹೇಳಿ, “ಓಡ್ಸು, ನಿನ್ನಿಷ್ಟ” ಎಂದು ಮುಂದೆ ನಡೆದರು. ಚೇತನ್, ಪೂರ್ಣಿಮಾ, ನಾನು ಹಿಂದೆ ನಡೆಯುತ್ತ ಮುಸಿಮುಸಿ ನಕ್ಕೆವು.

ಸೋಮವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಕೊಟ್ಟಿಗೆಯಲ್ಲಿದ್ದ ಯಂತ್ರವನ್ನು ಚಾಲೂ ಮಾಡಿ, ಕುಂಟೆ ಮೇಲೆತ್ತಿಕೊಂಡೇ ಬಂಡಿಜಾಡಿನಲ್ಲಿ ಹೊಲದವರೆಗೆ ನಡೆಸಿದೆವು. ಸ್ವಲ್ಪವೂ ತಕರಾರಿಲ್ಲದೆ ಬಂತು. ಅಷ್ಟರಲ್ಲಿ ಹಾಸನದಿಂದ ಜೀಪ್ ಬಂತು. ಗೈಡ್ ಸರ್ ಜೊತೆ ಇಬ್ಬರು ತೀರ್ಪುಗಾರರು. ಒಬ್ಬರು ತಲೆ ನರೆತ ಪ್ರಾಧ್ಯಾಪಕರು, ಇನ್ನೊಬ್ಬರು ಕಾರ್ಖಾನೆಯೊಂದರಲ್ಲಿ ಯಂತ್ರಗಳ ಡಿಸೈನ್ ನೋಡಿಕೊಳ್ಳುವ ಮೇಡಂ. ನಾನು ಡಿಸೈನ್ ವಿವರಿಸಿದೆ. ನೊಗದ ವಿಷಯ ಹೇಳಿದಾಗ ಮೇಡಂ ಬಗ್ಗಿ ಅದನ್ನು ಕೈಯಿಂದ ಸವರಿ ನೋಡಿ, “ಇದು ಯಾರ ಐಡಿಯಾ?” ಎಂದು ಕೇಳಿದರು. ನನ್ನದು ಎನ್ನುವಾಗ ನಾನು ಎರಡು ಇಂಚು ಎತ್ತರವಾಗಿದ್ದೆ. ಆಮೇಲೆ ಯಂತ್ರವನ್ನು ಸಾಲಿಗೆ ನಿಲ್ಲಿಸಿದೆವು. ಕುಂಟೆ ಇಳಿಯಿತು. ಸ್ವಿಚ್ ಒತ್ತಿದೆ.

ಯಂತ್ರ ನಿಂತಲ್ಲೇ ನಿಂತಿತ್ತು.

ಮತ್ತೆ ಒತ್ತಿದೆ. ಏನೂ ಇಲ್ಲ. ಚೇತನ್ ಬ್ಯಾಟರಿ ನೋಡಿದ, ತುಂಬಿತ್ತು. ಪೂರ್ಣಿಮಾ ತನ್ನ ಲ್ಯಾಪ್‌ಟಾಪ್ ನೋಡಿದಳು, ಕ್ಯಾಮೆರಾಕ್ಕೆ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು, ಹೊರಡು ಎಂಬ ಆಜ್ಞೆಯೂ ಹೋಗುತ್ತಿತ್ತು. ಮೂವರೂ ಸೇರಿ ಯಂತ್ರವನ್ನು ಎತ್ತಿ ಹಿಡಿದೆವು. ಗಾಳಿಯಲ್ಲಿ ಚಕ್ರಗಳು ಸಲೀಸಾಗಿ ತಿರುಗಿದವು. ಕೆಳಗಿಟ್ಟರೆ ನಿಂತವು. ಕುಂಟೆ ಎತ್ತಿ ಬದುವಿನಾಚೆ ಬಂಡಿಜಾಡಿಗೆ ತಂದರೆ ಓಡಿತು. ಮತ್ತೆ ಹೊಲಕ್ಕಿಳಿಸಿ, ಸಾಲಿಗೆ ನಿಲ್ಲಿಸಿ ಕುಂಟೆ ಇಳಿಸಿದರೆ ಇಲ್ಲ. ಬೇರೆ ಸಾಲು ನೋಡಿದೆವು, ಹೊಲದ ಇನ್ನೊಂದು ತುದಿಗೆ ಹೋದೆವು. ಅದೇ ಕಥೆ.

ಇಲ್ಲಿ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಮಣ್ಣು ಗಟ್ಟಿಯಾಗಿ ಚಕ್ರ ಸಿಕ್ಕಿಕೊಂಡಿದ್ದರೆ ಮೋಟಾರ್ ಒದ್ದಾಡುತ್ತದೆ, ಗುಯ್ಯೆನ್ನುತ್ತದೆ, ಬಿಸಿಯಾಗುತ್ತದೆ, ಎಳೆಯುವ ಕರೆಂಟ್ ಏರುತ್ತದೆ. ಅದು ನಮಗೆ ಅರ್ಥವಾಗುವ ತೊಂದರೆ. ಚೇತನ್ ಮೀಟರ್ ಹಚ್ಚಿ ನೋಡಿದಾಗ ಮುಳ್ಳು ಸೊನ್ನೆಯಿಂದ ಕದಲಲಿಲ್ಲ. ಸದ್ದಿಲ್ಲ, ಬಿಸಿಯಿಲ್ಲ. ಹಾಗಾದರೆ ತಂತಿ ಎಲ್ಲೋ ಸಡಿಲವಾಗಿರಬೇಕು, ಭಾರ ಬಿದ್ದಾಗ ಬಿಟ್ಟುಕೊಳ್ಳುತ್ತಿರಬೇಕು ಎಂದುಕೊಂಡು, ಬಂಡಿಜಾಡಿನ ಮೇಲೆ ಯಂತ್ರ ನಿಲ್ಲಿಸಿ ಚೇತನ್ ಅದರ ಮೇಲೇ ಹತ್ತಿ ಕೂತ. ಅವನನ್ನು ಹೊತ್ತುಕೊಂಡೇ ಅದು ಓಡಿತು. ಬದುವಿನ ಮೇಲಿದ್ದವರು ಹೋ ಎಂದು ನಕ್ಕರು.

ಗೈಡ್ ಸರ್ ಮುಖ ಸಪ್ಪಗಾಯಿತು. ತೀರ್ಪುಗಾರರು ಗಡಿಯಾರ ನೋಡಿಕೊಳ್ಳತೊಡಗಿದರು. ಆಗ ಚೇತನ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ, “ಲೇ, ಆ ಮರದ್ದು ಬಿಚ್ಚಿಬಿಡು. ಪೈಪ್ ತಂದಿದ್ದೀನಿ, ಕೊಟ್ಟಿಗೆಯಲ್ಲೈತೆ. ಸ್ವಲ್ಪ ಅದುರುತ್ತೆ, ಅದುರ್ಲಿ. ಒಂದು ಸಾಲು ಓಡಿದ್ರೆ ಸಾಕು.”

“ಮರಕ್ಕೂ ಕರೆಂಟಿಗೂ ಏನೋ ಸಂಬಂಧ?” ಎಂದೆ.

“ನಂಗೂ ಗೊತ್ತಿಲ್ಲ ಕಣೇ. ಬಿಚ್ಚು ಸುಮ್ನೆ” ಎಂದ. ಅವನೂ ನನ್ನ ಹಾಗೇ ಏನನ್ನೂ ನಂಬದ ಪ್ರಾಣಿ. ಅವನ ಬಾಯಲ್ಲಿ ಆ ಮಾತು ಬಂದದ್ದೇ ನನ್ನನ್ನು ಹೆದರಿಸಿತು.

ಸ್ಪ್ಯಾನರ್ ಹಿಡಿದು ಯಂತ್ರದ ಮುಂದೆ ಕುಕ್ಕುರುಗಾಲಲ್ಲಿ ಕೂತೆ. ನೊಗವನ್ನು ಹಿಡಿದಿದ್ದು ನಾಲ್ಕು ಬೋಲ್ಟು, ಬಿಚ್ಚುವುದು ನಿಮಿಷದ ಕೆಲಸ. ಅಷ್ಟರಲ್ಲಿ ಪೈರಿನ ನಡುವೆ ಹೆಜ್ಜೆ ಸದ್ದಾಯಿತು. ದೊಡ್ಡಪ್ಪ ಕೋಲೂರಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಹೊಲದೊಳಗೆ ಬರುತ್ತಿದ್ದರು. ಎತ್ತು ಕೊಟ್ಟ ಮೇಲೆ ಅವರು ಬದು ಇಳಿದು ಹೊಲಕ್ಕೆ ಕಾಲಿಟ್ಟದ್ದನ್ನು ನಾನು ನೋಡಿರಲಿಲ್ಲ. ಬಂದವರು ಯಂತ್ರದ ಪಕ್ಕ ನಿಂತು, ನೊಗದ ಮೇಲೆ ಕೈಯಿಟ್ಟು, ಎತ್ತಿನ ಹೆಗಲು ಸವರುವ ಹಾಗೆ ಮೆಲ್ಲಗೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, “ಬ್ಯಾಡ ಅಂತಾ ಐತೆ ಕಣಮ್ಮಿ.”

ಅವರ ಮುಖ ನೋಡಿದೆ. ಹಂಗಿಸುವ ಮುಖವಲ್ಲ ಅದು. ನಾನು ಹೇಳಿದ್ದೇ ಸರಿಯಾಯಿತು ನೋಡು ಎನ್ನುವ ಮುಖವೂ ಅಲ್ಲ. ತಮ್ಮ ಕೊಟ್ಟಿಗೆಯ ಜೋಡಿಯನ್ನು ನಾಲ್ಕು ಜನ ನಿಂತು ನೋಡುವಾಗ ಅವರ ಮುಖದಲ್ಲಿ ಏನಿರುತ್ತಿತ್ತೋ ಅದು ಇತ್ತು. ಹೆಮ್ಮೆ. ಎಲ್ಲರೆದುರು ನಮ್ಮ ಯಂತ್ರದ ಮಾನ ಹೋಗುತ್ತಿದ್ದಾಗ ಈ ಮನುಷ್ಯ ಅದರ ಬಗ್ಗೆ ಹೆಮ್ಮೆ ಪಡುತ್ತಿದ್ದರು.

ಪ್ರಾಧ್ಯಾಪಕರು ಬದುವಿನಿಂದ ಕೇಳಿದರು, “ಏನಂತೀರಿ ಯಜಮಾನ್ರೇ?”

“ಇವತ್ತು ಸೋಮಾರ ಸಾ. ಗೇಯಕಿಲ್ಲ. ನಾಳೀಕ್ ಬನ್ನಿ, ಇಡೀ ಹೊಲ ಹೊಡೀತದೆ. ನಮ್ಮನೆ ಎತ್ತಿನ ಮ್ಯಾಲೆ ನಂಗೆ ನಂಬಿಕೆ ಐತೆ.”

ನಮ್ಮನೆ ಎತ್ತು. ಅದನ್ನು ನಾನು ಕಿವಿಯಾರೆ ಕೇಳಿದೆ.

ಈಗ ಇದನ್ನು ನಿಜವಾಗಿ ಹೇಳಬೇಕು. ನಾನು ಸ್ಪ್ಯಾನರನ್ನು ಚೀಲಕ್ಕೆ ಹಾಕಿದೆ. ನಂಬಿಕೆ ಬಂತು ಎಂದಲ್ಲ, ಸಂಪ್ರದಾಯಕ್ಕೆ ಬೆಲೆ ಕೊಟ್ಟೆ ಎಂದೂ ಅಲ್ಲ. ನೊಗ ಬಿಚ್ಚಿದ ಮೇಲೆ ಯಂತ್ರ ಓಡದಿದ್ದರೆ ಸರಿ, ಸ್ಪರ್ಧೆ ಹೋಗುತ್ತಿತ್ತು. ಓಡಿಬಿಟ್ಟರೆ? ಅದನ್ನು ತಿಳಿದುಕೊಂಡು ನಾನು ಹೇಗೆ ಇರಲಿ ಎಂದು ಭಯವಾಯಿತು. ಇನ್ನೊಂದು ಕಾರಣವೂ ಇತ್ತು. ಎತ್ತು ಎಂದು ಕರೆಸಿಕೊಂಡ ಕ್ಷಣದಲ್ಲೇ ಅದನ್ನು ಬಿಚ್ಚಿ ಮತ್ತೆ ಆಟದ ಸಾಮಾನು ಮಾಡಲು ನನಗೆ ಕೈ ಬರಲಿಲ್ಲ. “ಸರ್, ನಾಳೆ ಬೆಳಿಗ್ಗೆ ಒಂದು ಅವಕಾಶ ಕೊಡಿ” ಎಂದು ತೀರ್ಪುಗಾರರನ್ನು ಕೇಳಿಕೊಂಡೆ.

ಮೇಡಂ ನಿಯಮ ಎಂದೇನೋ ಶುರು ಮಾಡಿದರು. ಪ್ರಾಧ್ಯಾಪಕರು ಒಂದು ಕ್ಷಣ ದೊಡ್ಡಪ್ಪನನ್ನೇ ನೋಡಿದರು. “ನಮ್ಮ ತಂದೆಯೂ ಸೋಮವಾರ ನೇಗಿಲು ಹೂಡುತ್ತಿರಲಿಲ್ಲ. ಹೇಗೂ ನಾಳೆ ಅರಕಲಗೂಡಿನಲ್ಲಿ ಇನ್ನೊಂದು ತಂಡ ನೋಡಬೇಕು. ಹೋಗುವಾಗ ಈ ಕಡೆಯಿಂದಲೇ ಹೋಗೋಣ” ಎಂದರು. ದೊಡ್ಡಮ್ಮ ಎಲ್ಲರನ್ನೂ ಮನೆಗೆ ಕರೆದು ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದರು. ಮೇಡಂ ಎರಡನೇ ಮುದ್ದೆಗೆ ಬೇಡ ಎನ್ನಲಿಲ್ಲ. ಯಂತ್ರವನ್ನು ಬಂಡಿಜಾಡಿನಲ್ಲಿ ಕೊಟ್ಟಿಗೆಗೆ ನಡೆಸಿಕೊಂಡು ಬಂದೆವು. ಅದು ಆರಾಮಾಗಿ ಬಂತು. ದೊಡ್ಡಪ್ಪ ಒದ್ದೆ ಬಟ್ಟೆಯಲ್ಲಿ ಅದರ ಚೌಕಟ್ಟಿನ ಧೂಳು ಒರೆಸಿ ನೊಗಕ್ಕೆ ಕುಂಕುಮ ಇಟ್ಟರು. ನಾನು ತಡೆಯಲಿಲ್ಲ.

ಮಂಗಳವಾರ ಬೆಳಗಿನ ಜಾವ ಸಣ್ಣ ಮಳೆಯಾಯಿತು. ಮಣ್ಣು ಸೋಮವಾರಕ್ಕಿಂತ ಹಸಿಯಾಗಿತ್ತು, ಚಕ್ರಕ್ಕೆ ಅಂಟುತ್ತಿತ್ತು. ಜೀಪ್ ಬಂತು. ಸಾಲಿಗೆ ನಿಲ್ಲಿಸಿದೆವು, ಕುಂಟೆ ಇಳಿಯಿತು, ಸ್ವಿಚ್ ಒತ್ತಿದೆ.

ಹೋಯಿತು! ಒಂದು ಪೈರು ಮುಟ್ಟದೆ, ಒಂದು ಸಾಲು ಬಿಡದೆ ಹೋಯಿತು. ತುದಿಯಲ್ಲಿ ತಿರುಗಿತು, ಬಂತು, ಮತ್ತೆ ಹೋಯಿತು. ಕ್ಯಾಮೆರಾಕ್ಕೆ ಕೆಸರು ಸಿಡಿದರೂ ನಿಲ್ಲಲಿಲ್ಲ. ಪೂರ್ಣಿಮಾ ನನ್ನ ಭುಜ ಹಿಡಿದು ಕುಣಿಯುತ್ತಿದ್ದಳು. ಚೇತನ್ ಬದುವಿನ ಮೇಲೆ ನಮಗೆ ಬೆನ್ನು ಮಾಡಿ ನಿಂತಿದ್ದ, ಅಳುವುದು ಕಾಣಬಾರದೆಂದು. ದೊಡ್ಡಪ್ಪ ಕಲ್ಲಿನ ಮೇಲೆ ಕೂತು ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡೇ, ಎತ್ತು ಹೊಡೆಯುವಾಗ ಮಾಡುವ ಹಾಗೆ ನಾಲಿಗೆಯಿಂದ ಟಕಟಕ ಸದ್ದು ಮಾಡುತ್ತಿದ್ದರು. ಆ ಬೆಳಿಗ್ಗೆ ನನಗಾದ ಹೆಮ್ಮೆಯನ್ನು ಅಳೆಯುವ ಮೀಟರ್ ಯಾವ ಲ್ಯಾಬಿನಲ್ಲೂ ಇಲ್ಲ.

ನಾವು ರಾಜ್ಯ ಮಟ್ಟಕ್ಕೆ ಆಯ್ಕೆಯಾದೆವು. ಅಲ್ಲಿ ಬಹುಮಾನ ಬರಲಿಲ್ಲ, ಅದರ ಬಗ್ಗೆ ಹೇಳಲು ನನಗೇನೂ ನಾಚಿಕೆಯಿಲ್ಲ. ನೀಲಗಿರಿ ಸಸಿ ಬೇಡ ಎಂದು ದೊಡ್ಡಪ್ಪ ನರ್ಸರಿಗೆ ಹೇಳಿ ಕಳಿಸಿದ್ದು ಆ ಮಂಗಳವಾರವೇ.

ಆಮೇಲೆ ಕಾರಣ ಹುಡುಕಿದ್ದೇ ಹುಡುಕಿದ್ದು. ಯಂತ್ರವನ್ನು ಕಾಲೇಜಿಗೆ ತಂದು ಪೂರ್ತಿ ಬಿಚ್ಚಿದೆವು. ಎಲ್ಲೂ ತಂತಿ ಸಡಿಲವಿರಲಿಲ್ಲ, ಬೆಸುಗೆ ಬಿಟ್ಟಿರಲಿಲ್ಲ. ಹಸಿ ಮಣ್ಣಿಗೆ ಕರೆಂಟ್ ಸೋರಿ ತಾನಾಗಿ ಬಂದ್ ಆಗಿರಬಹುದು ಎಂದರು ಗೈಡ್ ಸರ್. ಮಂಗಳವಾರದ ಮಣ್ಣು ಇನ್ನೂ ಹಸಿಯಾಗಿತ್ತಲ್ಲ ಸರ್ ಎಂದೆ. ದೊಡ್ಡಪ್ಪನೇ ಏನಾದರೂ ಕೈಯಾಡಿಸಿರಬಹುದೇ ಎಂಬ ಅನುಮಾನವೂ ನನಗೆ ಬಾರದಿರಲಿಲ್ಲ. ನೇರವಾಗಿ ಕೇಳಿಯೇ ಬಿಟ್ಟೆ. “ಸುಚ್ಚು ಯಾವ್ದು ಅಂತ್ಲೇ ನಂಗೆ ಗೊತ್ತಿಲ್ವಲ್ಲ ಮಗಾ” ಎಂದು ನಕ್ಕರು. ಬಂಡಿಜಾಡಿನಲ್ಲಿ ಓಡುವ ಯಂತ್ರ ಸಾಲಿನಲ್ಲಿ ನಿಲ್ಲುವ ಹಾಗೆ ಮಾಡಲು ನನಗೇ ಬರುವುದಿಲ್ಲ, ಅವರಿಗೆಲ್ಲಿಂದ ಬರಬೇಕು? ಸೋಮವಾರದ ದಿನ ಕಾಲೇಜಿನ ವರ್ಕ್‌ಶಾಪಿನಲ್ಲಿ ಮಣ್ಣು ಹರಡಿ, ಕುಂಟೆ ಇಳಿಸಿ ಓಡಿಸಿದ್ದೇವೆ. ಚೆನ್ನಾಗಿ ಓಡಿತು. ಆದರೆ ಅದು ನಮ್ಮ ಹೊಲವಲ್ಲ.

ಈಗ ನಾನು ಹಾಸನದಲ್ಲೇ ಬೇಸಾಯದ ಸಲಕರಣೆ ಮಾಡುವ ಕಡೆ ಡಿಸೈನ್ ಕೆಲಸದಲ್ಲಿದ್ದೇನೆ. ನೋಡಲು ಇದಕ್ಕಿಂತ ಚೊಕ್ಕವಾದ ಯಂತ್ರಗಳನ್ನು ಮಾಡಿದ್ದೇನೆ. ಆ ಹಳೆಯದು ಮಾತ್ರ ಊರಿನಲ್ಲೇ ಇದೆ. ಮೋಟಾರುಗಳು ಬದಲಾಗಿವೆ, ಬ್ಯಾಟರಿ ಬದಲಾಗಿದೆ, ನೊಗ ಅದೇ. ಪ್ರತಿ ವರ್ಷ ರಾಗಿಗೆ ಅದರದ್ದೇ ಕುಂಟೆ. ಸೋಮವಾರ ಅದನ್ನು ಯಾರೂ ಹೊಲಕ್ಕೆ ಇಳಿಸುವುದಿಲ್ಲ. ಹಾಗಾಗಿ ನನ್ನ ಪ್ರಶ್ನೆ ಹಾಗೇ ಉಳಿದಿದೆ.

ಕಳೆದ ಶ್ರಾವಣದಲ್ಲಿ ಸೋಮವಾರ ರಜೆ ಸಿಕ್ಕಿ ಊರಿನಲ್ಲಿದ್ದೆ. ದೊಡ್ಡಪ್ಪ ಪೇಟೆಗೆ ಹೋಗಿದ್ದರು. ಹೊಲದಲ್ಲಿ ಪೈರು ಹದವಾಗಿತ್ತು, ಸುತ್ತ ಯಾರೂ ಇರಲಿಲ್ಲ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಎಂದುಕೊಂಡು ಕೊಟ್ಟಿಗೆಗೆ ಹೋದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಗೋಡೆಗೆ ಅಂಟಿಸಿಕೊಂಡಿದ್ದವಳು ನಾನು. ಒಂದು ಸಾಲು ಓಡಿಸಿ ನೋಡಿದರೆ ಮುಗಿಯಿತು, ಇಷ್ಟು ವರ್ಷದ ಗೊಂದಲ ಬಗೆಹರಿಯುತ್ತದೆ. ಯಂತ್ರದ ಚೌಕಟ್ಟಿನಲ್ಲಿ ಒಂದು ಚೂರೂ ಮಣ್ಣಿರಲಿಲ್ಲ. ಬೆಳಿಗ್ಗೆಯೇ ತೊಳೆದಿದ್ದರು. ಅಲಗಿಗೆ ಹರಳೆಣ್ಣೆ ಸವರಿದ್ದರು. ನೊಗದ ಮೇಲೆ ಕುಂಕುಮ ಇನ್ನೂ ಹಸಿಯಾಗಿತ್ತು.

ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಆಮೇಲೆ ಬೆರಳು ತೆಗೆದು, ಗೋಡೆಯ ಪಕ್ಕದಲ್ಲಿದ್ದ ಚಾರ್ಜರ್ ತಂತಿಯನ್ನು ತಂದು ಸಿಕ್ಕಿಸಿದೆ.

ಹೊರಗೆ ಬರುವಾಗ ದೊಡ್ಡಪ್ಪ ಪೇಟೆಯಿಂದ ಬಂದು ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದರು. ನಾನು ಎಲ್ಲಿಂದ ಬಂದೆ ಎಂದು ಕೊಟ್ಟಿಗೆಯ ಕಡೆ ಒಮ್ಮೆ ನೋಡಿದರು.

“ಮೇವು ಆಕ್ದಾ ಮಗಾ?” ಎಂದರು.

“ಹಾಕ್ದೆ ದೊಡ್ಡಪ್ಪ” ಎಂದೆ.